ವಂಶಿಕೃಷ್ಣನ ಗೋತ್ರ

ನನ್ನನ್ನು ಸೊಸೆಯಾಗಿ ಒಪ್ಪಿಕೊಳ್ಳುವ ಮೊದಲು ಮುಳಬಾಗಿಲಿನ ಈ ಮನೆಯವರು ಕೋಲಾರದಲ್ಲಿ ನನ್ನ ಬಗ್ಗೆ ವಿಚಾರಿಸದ ಜನವಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರು, ಕಾಲೇಜಿನ ಗುಮಾಸ್ತರನ್ನು ಕೇಳಿದರು, ನಮಗೆ ಹಾಲು ಹಾಕುತ್ತಿದ್ದವಳನ್ನೂ ಬಿಡಲಿಲ್ಲ. ಅಷ್ಟಾದರೂ ನನ್ನ ಅತ್ತೆ ತಿರುಮಲಮ್ಮನವರಿಗೆ ಇವಳು ನಮ್ಮವಳು ಹೌದೋ ಅಲ್ಲವೋ ಎಂಬ ಒಂದು ಸಣ್ಣ ಅನುಮಾನ ಉಳಿದೇ ಬಿಟ್ಟಿತು. ನಾನು ಸಾರಿಗೆ ಬೆಲ್ಲ ಹಾಕುವುದಿಲ್ಲವೆಂದು ನೆನಪಾದಾಗಲೆಲ್ಲ ಅದು ಈಗಲೂ ತಲೆ ಎತ್ತುತ್ತದೆ. ಅಂಥ ಮನೆಯೊಳಕ್ಕೆ ವಂಶಿಕೃಷ್ಣ ಎಂಬುವನು ಒಂದೇ ಒಂದು ಫೋನ್ ಕರೆಯಲ್ಲಿ ಬಂದು ಕುಳಿತ. ಅವನ ಮುಖವನ್ನು ಯಾರೂ ನೋಡಿರಲಿಲ್ಲ.

ಅವನು ಬಂದದ್ದು ಕೇರಂ ಆಟದ ದಾರಿಯಲ್ಲಿ. ಅದು ಎರಡು ಸಾವಿರದ ಎಂಟನೇ ಇಸವಿ. ನನ್ನ ಗಂಡ ಶ್ರೀನಿವಾಸ ಕೋಲಾರದ ಟೊಮೆಟೊ ಮಂಡಿಯವರ ಲೆಕ್ಕಪತ್ರ ನೋಡುತ್ತಾರೆ. ಅದಕ್ಕೆಂದು ಮನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆ ಇಂಟರ್‌ನೆಟ್ ಬಂತು. ಒಂಬತ್ತನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಸೌಪರ್ಣಿಕಾ ಸಂಜೆಹೊತ್ತು ಅದರಲ್ಲಿ ಕೇರಂ ಆಡತೊಡಗಿದಳು. ಎಲ್ಲೆಲ್ಲಿಯೋ ಕುಳಿತ ನಾಲ್ಕು ಜನ ಒಂದೇ ಬೋರ್ಡಿನಲ್ಲಿ ಆಡುವ ಆಟ, ಇಬ್ಬಿಬ್ಬರು ಜೊತೆ. ಮಕ್ಕಳು ಹಾಳಾಗಬಾರದೆಂದು ನನ್ನ ಗಂಡ ಕಂಪ್ಯೂಟರನ್ನು ನಡುಮನೆಯಲ್ಲಿ, ಎಲ್ಲರಿಗೂ ಪರದೆ ಕಾಣುವ ಹಾಗೆ ಇರಿಸಿದ್ದರು. ಹಾಗಾಗಿ ಎಲ್ಲರೂ ಕೇರಂ ನೋಡಿದರು. ಬೋರ್ಡಿನ ಕೆಳಗಿನ ಪುಟ್ಟ ಚೌಕದಲ್ಲಿ ಓಡುತ್ತಿದ್ದ ಮಾತುಕತೆಯನ್ನು ಮಾತ್ರ ಯಾರೂ ಓದಲಿಲ್ಲ.

ನಾನು ಓದಿದೆ. ಕೆಟ್ಟ ಮಾತು ಒಂದೂ ಇರಲಿಲ್ಲ. ಊಟ ಆಯಿತೇ, ಟೀಚರ್ ಇವತ್ತೂ ಬೈದರೇ, ನಿನಗೆ ಬೇಜಾರಾದರೆ ನನಗೆ ಹೇಳು, ಬೇರೆ ಯಾರಿಗೂ ಹೇಳಬೇಡ. ಹೆಸರು ವಂಶಿಕೃಷ್ಣ, ಹದಿನಾರು ವರ್ಷದ ಹುಡುಗನಂತೆ, ಊರು ಮಾಲೂರಂತೆ. ನನಗೆ ಮೈ ಉರಿಯಿತು. ಹದಿನಾರರ ಹುಡುಗ ಹುಡುಗಿಯೊಬ್ಬಳ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವುದನ್ನು ನಾನಂತೂ ಕಂಡಿಲ್ಲ. ಐವತ್ತರವರು ಕೇಳಿಸಿಕೊಳ್ಳುವುದನ್ನೂ ಕಂಡಿಲ್ಲ.

ಅವತ್ತೇ ಊಟದ ಹೊತ್ತಿಗೆ ವಿಷಯ ಎತ್ತಿದೆ. ಮನೆ ಹೊತ್ತಿಕೊಳ್ಳುತ್ತದೆ ಅಂದುಕೊಂಡಿದ್ದೆ. ಅತ್ತೆ ಮಜ್ಜಿಗೆ ಬಡಿಸಿಕೊಳ್ಳುತ್ತಾ ಕೇಳಿದ್ದು ಒಂದೇ.

"ಯಾರ ಪೈಕಿ ಅಂತೆ?"

"ಅದೆಲ್ಲ ಗೊತ್ತಿಲ್ಲ ಅಜ್ಜಿ" ಎಂದಳು ಸೌಪರ್ಣಿಕಾ.

"ಗೊತ್ತಿಲ್ದೆ ಅದೇನ್ ಮಾತಾಡ್ತೀಯೇ? ನಂಬರ್ ಇದ್ರೆ ಫೋನ್ ಹಚ್ಚು. ನಾನ್ ವಿಚಾರಿಸ್ತೀನಿ."

ನಂಬರ್ ಇತ್ತು. ಅದು ಹೇಗೆ ಬಂತೆಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡಾಗಿತ್ತು. ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನಿನ ದನಿ ಇಡೀ ಪಡಸಾಲೆಗೆ ಕೇಳಿಸುವ ಹಾಗೆ ಇಟ್ಟಿರುತ್ತೇವೆ.

"ಏನಪ್ಪಾ, ನಿಮ್ದು ಯಾವ ಗೋತ್ರ?"

"ಅದು... ಅಜ್ಜೀ..."

"ನಾವು ಭಾರದ್ವಾಜ. ನೀವು ಕೌಶಿಕದೋರಾ?"

"ಹೌದಜ್ಜಿ, ಕೌಶಿಕ."

"ಮಾಲೂರು ಅಂದ್ಯಂತೆ. ಮೂಲ ಆವಣಿ ಕಡೆಯವರೇ ಇರ್ಬೇಕಲ್ಲಾ?"

"ಹೌದಜ್ಜಿ, ಮೂಲ ಆವಣೀನೇ."

"ಹಂಗಾದ್ರೆ ನೀನು ಶಾನುಭೋಗರ ಮನೆ ಮೊಮ್ಮಗ! ನಿಮ್ಮ ತಾತ ಬೆಳ್ಳಗೆ, ಎತ್ತರಕ್ಕೆ, ಪಾಪ, ಕಣ್ಣು ಕಾಣ್ತಿರ್ಲಿಲ್ಲ ಅಲ್ವಾ?"

"ಪಾಪ, ಕಾಣ್ತಿರ್ಲಿಲ್ಲ ಅಜ್ಜಿ" ಎಂದ ವಂಶಿಕೃಷ್ಣ. ದನಿಯಲ್ಲಿ ನಿಜವಾಗಿಯೂ ದುಃಖವಿತ್ತು.

ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಪಾಸಾದವನು ಮಾತ್ರ ಅವನು. ಅತ್ತೆ ಫೋನ್ ಕೆಳಗಿಟ್ಟು, "ನಮ್ಮೋನೇ ಕಣೇ, ಸುಮ್ನೆ ಹೆದರ್ಸಿಬಿಟ್ಟೆ" ಎಂದು ನನ್ನನ್ನೇ ಗದರಿದರು.

ಆಮೇಲೆ ಅವನು ದಿನವೂ ಫೋನ್ ಮಾಡತೊಡಗಿದ. ಮೊದಲು ಅಜ್ಜಿಯ ಮಂಡಿನೋವು ವಿಚಾರಿಸುತ್ತಿದ್ದ. ನಂತರ ನನ್ನ ಗಂಡನನ್ನು ಕರೆದು, ಅಂಕಲ್, ಸಂಧ್ಯಾವಂದನೆಯಲ್ಲಿ ನನಗೊಂದು ಸಂದೇಹ ಎನ್ನುತ್ತಿದ್ದ. ಇವರು ಸ್ವತಃ ಸಂಧ್ಯಾವಂದನೆ ಮಾಡಿ ಯಾವ ಕಾಲವಾಯಿತೋ! ಆದರೂ ಅರ್ಧ ಗಂಟೆ ಪಾಠ ಹೇಳಿ, "ಈ ಕಾಲದಲ್ಲಿ ಇಂಥ ಹುಡುಗರು ಎಲ್ಲಿ ಸಿಗ್ತಾರೆ ಚಿತ್ರಾ?" ಎಂದು ನನ್ನ ಕಡೆ ತಿರುಗುತ್ತಿದ್ದರು. ಕೊನೆಗೆ ಫೋನು ಸೌಪರ್ಣಿಕಾಳ ಕೈಗೆ ಹೋಗುತ್ತಿತ್ತು. ಅವಳು ಅದನ್ನು ಹಿಡಿದು ಮಹಡಿಗೆ ಹೋದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಮನೆಯವನ ಜೊತೆ ಮಾತಾಡುವುದಕ್ಕೆ ಅಡ್ಡಿಯೇನು?

ಒಂದು ದಿನ ಫೋನು ನನ್ನ ಕೈಗೆ ಸಿಕ್ಕಿತು. "ನಿಮ್ಮ ದೊಡ್ಡಮ್ಮ ಭಾರತಮ್ಮ ಹೇಗಿದ್ದಾರಪ್ಪಾ? ಕಾಲು ಮುರ್ಕೊಂಡಿದ್ರಂತಲ್ಲ?" ಎಂದೆ. ಭಾರತಮ್ಮ ಎಂಬ ದೊಡ್ಡಮ್ಮನನ್ನು ನಾನು ಅದೇ ಗಳಿಗೆಯಲ್ಲಿ ಹುಟ್ಟಿಸಿದ್ದೆ.

"ಈಗ ಓಡಾಡ್ತಾರೆ ಆಂಟಿ. ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು."

ಫೋನಿಟ್ಟು ಅತ್ತೆಗೂ ಗಂಡನಿಗೂ ನಡೆದದ್ದನ್ನು ಹೇಳಿದೆ. ಅತ್ತೆ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿ, "ಭಾರತಮ್ಮ ಅಂದ್ರೆ ಅವರ ತಂದೆ ಕಡೆಯವಳು. ಇದ್ದಾಳೆ, ನಂಗೆ ನೆನಪಿದೆ" ಎಂದರು. ನಾನು ಸುಳ್ಳಿಗೆ ಹುಟ್ಟಿಸಿದ ಹೆಂಗಸಿಗೆ ನಮ್ಮ ಮನೆಯಲ್ಲೇ ಸಾಕ್ಷಿ ಸಿಕ್ಕಿಬಿಟ್ಟಿತು. ಇನ್ನು ಯಾರ ಹತ್ತಿರ ವಾದ ಮಾಡಲಿ? ಮಗಳನ್ನು ಕೂರಿಸಿಕೊಂಡು ಹೇಳಿದೆ. "ನಿಂಗೆ ಮಾತ್ರ ಎಲ್ರ ಮೇಲೂ ಅನುಮಾನ ಅಮ್ಮ" ಎಂದು ಎದ್ದು ಹೋದಳು.

ಸಂಕಷ್ಟಿಯ ದಿನ ನಾನು ಬ್ಯಾಂಕಿಗೆ ಹೋಗಿದ್ದೆ. ಹಿಂದಿರುಗಿದಾಗ ಅತ್ತೆ ಬಹಳ ಖುಷಿಯಲ್ಲಿದ್ದರು. ವಂಶಿಯ ತಾಯಿ ಕುರುಡುಮಲೆ ಗಣಪತಿಗೆ ಅಭಿಷೇಕ ಮಾಡಿಸಲು ಬಂದಿದ್ದಾರಂತೆ. ಅತ್ತೆಗೆ ಮಂಡಿನೋವು, ಹೋಗಲಾಗದು. ಅದಕ್ಕೇ ಮೊಮ್ಮಗಳಾದರೂ ಬರಲಿ ಎಂದು ಅವರೇ ಬಸ್ ಸ್ಟ್ಯಾಂಡಿಗೆ ಕಾರು ಕಳಿಸಿದ್ದಾರಂತೆ. ಸೌಪರ್ಣಿಕಾಳ ಕೈಗೆ ಕೋಡುಬಳೆಯ ಡಬ್ಬ ಕೊಟ್ಟು, ಜರಿ ಲಂಗ ಉಡಿಸಿ, ಈಗಷ್ಟೇ ಕಳಿಸಿದರಂತೆ.

"ದೊಡ್ಡೋರು ಬಂದಿರ್ವಾಗ ಬರಿಗೈಲಿ ಕಳ್ಸಕ್ಕಾಗುತ್ತಾ?" ಎಂದು ಇನ್ನೂ ಏನೋ ಹೇಳುತ್ತಿದ್ದರು. ನಾನು ಅಲ್ಲಿರಲಿಲ್ಲ.

ಹಾಗೆ ನಾನು ಹಿಂದೆಂದೂ ಓಡಿರಲಿಲ್ಲ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನ ಹೊರಗೆ, ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ಬಿಳಿ ಕಾರು ನಿಂತಿತ್ತು. ಬಾಗಿಲು ತೆರೆದಿತ್ತು. ಸೌಪರ್ಣಿಕಾ ಒಂದು ಕಾಲನ್ನು ಒಳಗಿಟ್ಟು, ಜರಿ ಲಂಗ ಬಾಗಿಲಿಗೆ ಸಿಕ್ಕಿಕೊಳ್ಳದಂತೆ ಎತ್ತಿ ಹಿಡಿದಿದ್ದಳು. ಡಬ್ಬ ಆಗಲೇ ಹಿಂದಿನ ಸೀಟಿನಲ್ಲಿತ್ತು. ಮೂವತ್ತೈದು ದಾಟಿದ, ನೀಟಾಗಿ ಕ್ಷೌರ ಮಾಡಿಕೊಂಡ ಗಂಡಸೊಬ್ಬ ಅವಳಿಗೆ ಬಾಗಿಲು ಹಿಡಿದಿದ್ದ. ನಾನು ಮಗಳ ರಟ್ಟೆ ಹಿಡಿದು ಎಳೆದೆ.

"ನಮಸ್ಕಾರ ಆಂಟಿ" ಎಂದ ಅವನು. "ನಾನು ವಂಶಿ ಚಿಕ್ಕಪ್ಪ. ಅವನು ದೇವಸ್ಥಾನದಲ್ಲಿದಾನೆ."

ಚಿಕ್ಕಪ್ಪ ನನ್ನನ್ನು ಆಂಟಿ ಎಂದದ್ದು ಅವನಿಗೇ ತಿಳಿಯಲಿಲ್ಲ. ದನಿಯಂತೂ ದಿನವೂ ನಮ್ಮ ಪಡಸಾಲೆಯಲ್ಲಿ ಕೇಳುತ್ತಿದ್ದ ದನಿಯೇ. ನಾನು ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಜನ ತಿರುಗಿ ನೋಡುವಷ್ಟರಲ್ಲಿ ಅವನು ಕಾರು ಹತ್ತಿ ಹೊರಟುಹೋದ. "ಅಜ್ಜಿ ನಮ್ಮೋರೇ ಅಂದ್ರಲ್ಲಮ್ಮ" ಎಂದಳು ಸೌಪರ್ಣಿಕಾ, ಮತ್ತೆ ಮತ್ತೆ ಅದನ್ನೇ. ನಾನು ಅವಳನ್ನು ತಬ್ಬಿಕೊಂಡು ಬೀದಿಯಲ್ಲೇ ಅತ್ತುಬಿಟ್ಟೆ.

ಮನೆಯಲ್ಲಿ ಅವತ್ತು ಸಭೆ ನಡೆಯಿತು. ಪೊಲೀಸರ ಮಾತೆತ್ತಿದರೆ ನನ್ನ ಗಂಡ ಎರಡೂ ಕೈ ಮುಗಿದರು. ಹುಡುಗಿಯ ಹೆಸರು ಹೊರಗೆ ಬಂದರೆ ನಾಳೆ ಯಾರು ಮದುವೆಯಾಗುತ್ತಾರೆ? ಅತ್ತೆಗೆ ಅದಕ್ಕಿಂತ ದೊಡ್ಡ ಚಿಂತೆ ಡಬ್ಬದ್ದು. ಅದರ ಮೇಲೆ ಮಾವನವರ ಹೆಸರು ಕೆತ್ತಿಸಿತ್ತು, ಆ ಹೆಸರು ಈಗ ಒಬ್ಬ ಪೋಕರಿಯ ಕಾರಿನಲ್ಲಿ ಊರೂರು ಸುತ್ತುತ್ತಿತ್ತು. ಕೊನೆಗೆ ಶಿಕ್ಷೆ ತೀರ್ಮಾನವಾಯಿತು. ಇಂಟರ್‌ನೆಟ್ ತೆಗೆಸುವುದು, ಸೌಪರ್ಣಿಕಾ ಸ್ಕೂಲು ಬಿಟ್ಟರೆ ಎಲ್ಲಿಗೂ ಹೋಗಕೂಡದು. ಅಟ್ಟದ ಮೇಲಿದ್ದ ಮರದ ಕೇರಂ ಬೋರ್ಡನ್ನೂ ಯಾರಿಗೋ ಕೊಟ್ಟುಬಿಟ್ಟರು. ಮೋಸ ಮಾಡಿದವನಿಗೆ ಏನೂ ಇಲ್ಲ. ಇಲ್ಲ, ತಪ್ಪು ಹೇಳಿದೆ, ಅವನಿಗೂ ಒಂದು ಶಿಕ್ಷೆಯಾಯಿತು. ಅತ್ತೆ ಅವನನ್ನು ಕೌಶಿಕ ಗೋತ್ರದಿಂದ ಹೊರಗೆ ಹಾಕಿದರು.

"ಅವನು ನಮ್ಮೋನಲ್ಲ ಬಿಡು. ನಮ್ಮೋನಾಗಿದ್ರೆ ಹಿಂಗ್ ಮಾಡ್ತಿದ್ನಾ?"

ಆ ವಾರದಲ್ಲೇ ಒಂದು ಸಂಜೆ ಸೌಪರ್ಣಿಕಾ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು. "ಅಮ್ಮ, ಅವನ ಜೊತೆ ಕೇರಂ ಆಡಕ್ಕೆ ನಮ್ಮ ಕ್ಲಾಸ್ ರಂಜಿತನ್ನೂ ನಾನೇ ಸೇರ್ಸಿದ್ದೆ. ಅವಳು ಸೈಬರ್ ಸೆಂಟರ್‌ನಲ್ಲಿ ಆಡ್ತಾಳೆ. ನಾನು ಬೇಡ ಕಣೇ ಅಂದ್ರೆ, ನಿಂಗೆ ಹೊಟ್ಟೆಕಿಚ್ಚು ಅಂತಾಳೆ."

ಮನೆಯಲ್ಲಿ ಹೇಳಿದೆ. "ನಮಗ್ಯಾಕೆ ಊರವರ ಉಸಾಬರಿ?" ಎಂದರು ಗಂಡ. "ನೀನು ಹೋಗಿ ಹೇಳೋದು, ಅವರು ನಾಲ್ಕು ಜನಕ್ಕೆ ಹೇಳೋದು." ಮರುದಿನ ಬೆಳಿಗ್ಗೆ ಗಣಪತಿ ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ನಾನು ಕುರುಡುಮಲೆ ಬಸ್ಸು ಹತ್ತಿದೆ. ರಂಜಿತಳ ಮನೆಯೂ ಆ ಊರಿನಲ್ಲೇ.

ರಂಜಿತಳ ತಾಯಿ ಮುನಿಗಂಗಮ್ಮ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ರೇಷ್ಮೆ ಹುಳುವಿನ ತಟ್ಟೆಗಳ ನಡುವೆ ನನಗೊಂದು ಚಾಪೆ ಹಾಸಿದರು. ನಾನು ನನ್ನ ಮಗಳ ಹೆಸರು ಹೇಳಿಯೇ ಶುರು ಮಾಡಿದೆ. ಕಾರು, ಕೋಡುಬಳೆ, ಚಿಕ್ಕಪ್ಪ, ಒಂದನ್ನೂ ಬಿಡಲಿಲ್ಲ. ಆಕೆ ಕತ್ತಿ ಕೆಳಗಿಟ್ಟು ಕೇಳಿದರು, ಬಹಳ ಮರುಗಿದರು.

"ಅಯ್ಯೋ ಪಾಪ. ಆದ್ರೆ ನಮ್ಮ ಹುಡ್ಗ ಅವ್ನಲ್ಲಮ್ಮಾ. ಆಟದಲ್ಲಿ ಏನೋ ಬೇರೆ ಹೆಸ್ರು ಇಟ್ಕೊಂಡವ್ನಂತೆ, ಇವ್ನ್ ನಿಜವಾದ್ ಹೆಸ್ರು ಮುರಳಿಮೋಹನ್. ಶ್ರೀನಿವಾಸಪುರದ ಮಾವಿನ ತೋಪಿನೋರು, ನಮ್ಮ ಯಜಮಾನ್ರು ಎಲ್ಲಾ ವಿಚಾರ್ಸವ್ರೆ. ನಮ್ಮ ನೆಂಟ ದೊಡ್ಡವೆಂಕಟಪ್ಪನ ಪೈಕಿನೇ. ಭಾನ್ವಾರ ರಂಜಿತನ್ನ ತೋಪು ನೋಡಕ್ಕೆ ಕರ್ಕೊಂಡ್ ಹೋಗ್ತೀನಿ ಅಂದವ್ನೆ."

"ಯಾರು ಯಾರನ್ನ ವಿಚಾರಿಸಿದ್ರು ಅಮ್ಮಾ? ಅವನೇ ಹೇಳಿದ್ನಾ, ನೀವು ಹೇಳಿಕೊಟ್ರಾ?"

ಮುನಿಗಂಗಮ್ಮನ ಮುಖ ಬಿಗಿಯಿತು. "ನಿಮ್ಮೋರಲ್ಲಿ ಅಂಥೋರು ಇರ್ತಾರೇನೋ. ಇವ್ನು ನಮ್ಮೋನಮ್ಮಾ. ಬೇಕಾದ್ರೆ ನೀವೇ ಕೇಳಿ" ಎಂದು ಮೊಬೈಲ್ ತೆಗೆದು, ಗುಂಡಿ ಒತ್ತಿ, ದನಿ ಜೋರು ಮಾಡಿ ಚಾಪೆಯ ಮೇಲೆ ಇಟ್ಟರು. "ಬಾಗುನ್ನಾವಾ ನಾಯನಾ?"

"ಬಾಗುನ್ನಾನತ್ತಾ. ಮಾಮ ತೋಟಕು ಪೋಯಿನಾಡಾ?"

ಚೆನ್ನಾಗಿದ್ದೀನತ್ತೆ, ಮಾವ ತೋಟಕ್ಕೆ ಹೋದರಾ ಎಂದು ಕೇಳಿದ್ದು ಅಪ್ಪಟ ತೆಲುಗಿನಲ್ಲಿ. ಶ್ರೀನಿವಾಸಪುರದ ಸಂತೆಯಿಂದ ಈಗಷ್ಟೇ ಎದ್ದು ಬಂದ ಹಾಗಿತ್ತು. ನಮ್ಮ ಮನೆಯವರ ಹತ್ತಿರ ಸಂಧ್ಯಾವಂದನೆ ಕಲಿತ ನಾಲಿಗೆ ಇದು! ಸೋದರತ್ತೆಯನ್ನು ಮಾತಾಡಿಸುವ ಅದೇ ಅಕ್ಕರೆ, ಅದೇ ದನಿ.

"ವಂಶಿಕೃಷ್ಣ" ಎಂದೆ ನಾನು.

ಆ ಕಡೆ ಒಂದು ಉಸಿರು ಕೇಳಿಸಿತು. ಫೋನು ಕಟ್ಟಾಯಿತು. ಮುನಿಗಂಗಮ್ಮ ಮತ್ತೆ ಒತ್ತಿದರು, ಸ್ವಿಚ್ ಆಫ್. ಇನ್ನೊಮ್ಮೆ ಒತ್ತಿದರು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಲೇ ಇದ್ದವು. ಆಕೆ ಗೋಡೆಗೆ ಕೈಯೂರಿ ಎದ್ದು, ಮೊಳೆಗೆ ನೇತುಹಾಕಿದ್ದ ಸೀರೆ ತೆಗೆದುಕೊಂಡರು.

"ನಡೀರಮ್ಮಾ, ಸ್ಟೇಷನ್‌ಗೆ. ಇನ್ನೂ ಯಾರ್ಯಾರ ಮನೇಲಿ ಅವ್ನು ನಮ್ಮೋನಾಗಿ ಕುಂತವ್ನೋ."

ನನ್ನ ಬಾಯಿಂದ ತಟಕ್ಕನೆ ಬಂದದ್ದು, "ಹುಡುಗಿಯರ ಹೆಸರು ಹೊರಗೆ ಬಂದುಬಿಡುತ್ತಲ್ಲಾ" ಎಂಬ ಮಾತು. ಆಡಿದ ಮೇಲೆ ನನಗೇ ಅಸಹ್ಯವಾಯಿತು. ಅದು ನನ್ನ ಅತ್ತೆಯ ಮಾತು, ನನ್ನ ಗಂಡನ ಮಾತು. ಗಂಡನ ಮನೆಗೆ ನಾನಿನ್ನೂ ಹೊರಗಿನವಳೇ ಎಂದು ಅಷ್ಟು ವರ್ಷ ಕೊರಗಿದ್ದೆನಲ್ಲ, ಕೊರಗುವ ಅಗತ್ಯವೇ ಇರಲಿಲ್ಲ.

ಮುನಿಗಂಗಮ್ಮ ನನ್ನನ್ನು ಒಂದು ಗಳಿಗೆ ನೋಡಿದರು. "ಹೆಸ್ರು ತಾನೇ? ನಂದು ಮೊದ್ಲು ಬರ್ಸ್ತೀನಿ. ನಿಮ್ದು ಆಮೇಲೆ ಬರ್ಸಿ" ಎಂದರು.

ಸ್ಟೇಷನ್ನಿನಲ್ಲಿ ನನ್ನದನ್ನೇ ಮೊದಲು ಬರೆಸಿದೆ.