ತುಳಸಿ ಹಾಡು ಹಾಡಿದ್ದು ಯಾರು

ಗಡ್ಡ ಹೆರೆದುಕೊಳ್ಳುತ್ತಾ ಉಪೇಂದ್ರ ಗುನುಗಿದ್ದು ಎರಡೇ ಸಾಲು. ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ಹೆಂಡತಿ ವತ್ಸಲಾ ಸೌಟು ಬಿಟ್ಟು ಬಾಗಿಲಿಗೆ ಓಡಿಬಂದು ಕಿವಿಗೊಟ್ಟಳು. ಕಾವಲಿಯ ಮೇಲಿದ್ದ ದೋಸೆ ಕರಕಲಾಯಿತು.

ಅದು ಅಂಥ ಘನಂದಾರಿ ಹಾಡೇನಲ್ಲ. ಸಂಜೆ ದೀಪ ಹಚ್ಚುವಾಗ ಹೇಳಿಕೊಳ್ಳೋಕೆ ಅವಳ ಅಜ್ಜಿ ತಾನೇ ಕಟ್ಟಿದ ತುಳಸಿ ಹಾಡು. ಜಾಲಹಳ್ಳಿಯ ತವರುಮನೆಯವರನ್ನು ಬಿಟ್ಟರೆ ಇನ್ನೊಬ್ಬರಿಗೆ ಬರದು. ಉಪೇಂದ್ರ ಅದನ್ನು ಕೇಳಿದ್ದು ಇಪ್ಪತ್ತೇಳು ವರ್ಷದ ಹಿಂದೆ, ಹೆಣ್ಣು ನೋಡೋಕೆ ಬಂದ ದಿನ. "ಹುಡುಗಿ ಒಂದು ಹಾಡು ಹೇಳಲಿ" ಅಂತ ಅವನ ಅಜ್ಜ ಪಟ್ಟು ಹಿಡಿದರು. ವತ್ಸಲಾಳದ್ದೋ ಶುದ್ಧ ಕಾಗೆ ಗಂಟಲು. ಅವಳಮ್ಮ ಮಹಾ ಘಾಟಿ. "ಅವಳಿಗೆ ನಾಚಿಕೆ, ಒಳಗಿಂದಲೇ ಹಾಡ್ತಾಳೆ" ಅಂದು, ಪರದೆ ಹಿಂದೆ ಇವಳ ತಂಗಿ ಮಾಲಾಳ ಕೈಲಿ ಹಾಡಿಸಿಬಿಟ್ಟಳು. ಗಂಡಿನ ಕಡೆಯವರು ತಲೆದೂಗಿದರು. ಮದುವೆ ನಡೆದುಹೋಯಿತು.

ಆಮೇಲಿನ ಪಾಡು ಇವಳಿಗೇ ಗೊತ್ತು. ಗಂಡನಿಗೆ ಪೀಣ್ಯದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಮೆಷಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳೋ ಆಸಾಮಿ. ಅಂಥ ಕಿವಿಯವನ ಮುಂದೆ ಒಂದು ಆರತಿ ಹಾಡಿಗೂ ಇವಳು ಬಾಯಿ ಬಿಟ್ಟವಳಲ್ಲ. ಜೋರಾಗಿ ನಕ್ಕರೂ ದನಿ ಹೊರಬಿದ್ದೀತು ಅನ್ನೋ ಭಯ. ಮಗ ಶ್ರೀಕರನನ್ನು ತೊಟ್ಟಿಲಲ್ಲಿ ತೂಗಿದ್ದೂ ಮೂಗಿಯ ಹಾಗೆ, ಪಾಪ.

ಈಗ ಮಾಲಾ ಪುಣೆಯಿಂದ ಬಂದು ಬ್ರೂಕ್‌ಫೀಲ್ಡ್‌ನಲ್ಲಿ ಮನೆ ಮಾಡಿದ್ದಾಳೆ. ಹೋದ ತಿಂಗಳು ಗೃಹಪ್ರವೇಶದಲ್ಲಿ, ಅಕ್ಕ ಒಳಗೆ ಊಟದ ಎಲೆ ಹಾಕಿಸುತ್ತಿದ್ದಾಗ, ಆ ಪುಣ್ಯಾತ್ಗಿತ್ತಿ ಮೈಮರೆತು ಭಾವನ ಎದುರೇ ಅದೇ ಹಾಡು ಹಾಡಿಬಿಟ್ಟಳಂತೆ. ಅವತ್ತಿನಿಂದ ಶುರು ಈ ಗುನುಗು.

ಮೋಸ ಗೊತ್ತಾಯಿತೇ? ಗೊತ್ತಾಗಿದ್ದರೆ ಬಾಯಿಬಿಟ್ಟು ಬೈಯಬಾರದೇ? ಅಥವಾ ಈ ವಯಸ್ಸಿನಲ್ಲಿ ತಂಗಿಯ ಕಂಠಕ್ಕೆ ಮನಸೋತನೋ? ವತ್ಸಲಾಳ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅವನು ಫೋನ್ ಹಿಡಿದು ಬಾಲ್ಕನಿಗೆ ಹೋದರೆ ಇವಳ ಕಿವಿ ಕಿಟಕಿಗೆ ಅಂಟುತ್ತಿತ್ತು. "ಊಟಕ್ಕೆ ಏನು ಮಾಡ್ಲಿ?" ಅಂತ ಕೇಳುವಾಗಲೂ ಅವನ ಮುಖವನ್ನೇ ಹುಡುಕುತ್ತಿದ್ದಳು. ಅವನೋ, ಹುರುಳಿಕಾಯಿ ಪಲ್ಯ ಅಂದು ಸುಮ್ಮನಾಗುತ್ತಿದ್ದ.

ಭಾನುವಾರ ಅವನು ಸ್ನಾನಕ್ಕೆ ಹೋದದ್ದೇ ಫೋನ್ ಎತ್ತಿಕೊಂಡಳು. ಮಾಲಾಳ ವಾಯ್ಸ್ ಮೆಸೇಜು. ಒತ್ತಿದಳು.

"ಭಾವ, ನೀವು ಕೇಳಿದ ಹಾಡು ಕಳಿಸಿದೀನಿ. ಅಕ್ಕಂಗೆ ಮಾತ್ರ ಹೇಳ್ಬೇಡಿ, ನನ್ನ ಸಿಗಿದು ಹಾಕ್ತಾಳೆ."

ಹಿಂದೆಯೇ ತುಳಸಿ ಹಾಡು ಶುರುವಾಯಿತು. ಉಪೇಂದ್ರ ಟವೆಲಿನಲ್ಲಿ ತಲೆ ಒರೆಸುತ್ತಾ ಬಂದು ಬಾಗಿಲಲ್ಲೇ ನಿಂತ. ಇನ್ನು ಮುಚ್ಚಿಡೋದರಲ್ಲಿ ಅರ್ಥವಿರಲಿಲ್ಲ.

"ರೀ, ಆವತ್ತು ಹಾಡಿದ್ದು ನಾನಲ್ಲ. ಮಾಲಾ."

"ಗೊತ್ತು ಕಣೇ. ಆವತ್ತೇ ಗೊತ್ತಿತ್ತು."

ವತ್ಸಲಾ ಹಾಡು ನಿಲ್ಲಿಸಿ ಫೋನು ಕೆಳಗಿಟ್ಟಳು.

"ನಿಮ್ಮನೆ ಪರದೆ ಒಂದು ಕಡೆ ಸರಿದಿತ್ತು," ಅಂದ ಅವನು. "ಎದುರಿಗಿದ್ದ ಷೋಕೇಸಿನ ಗಾಜಲ್ಲಿ ಎಲ್ಲಾ ಕಾಣ್ತಿತ್ತು. ಅವಳು ಹಾಡ್ತಿದ್ಲು. ಆಗಷ್ಟೇ ಕಾಫಿ ಕೊಟ್ಟು ಹೋಗಿದ್ದ ನೀನು ಪಕ್ಕದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗ್ತಿದ್ದೆ, ಕಣ್ಣಲ್ಲಿ ನೀರು ಬರೋ ಹಾಗೆ. ಅದನ್ನ ನೋಡಿಯೇ ನಾನು ಒಪ್ಕೊಂಡಿದ್ದು."

"ಮತ್ತೆ ಈಗ ಈ ಹಾಡು ಯಾಕೆ ಬೇಕಿತ್ತು?"

"ಕೇಳಿದ್ರೆ ಆ ನಗು ಕಣ್ಮುಂದೆ ಬರತ್ತೆ. ಮದುವೆ ಆದ್ಮೇಲೆ ನೀನು ಹಾಗೆ ನಕ್ಕಿದ್ದನ್ನ ನಾನು ಒಂದು ದಿನಾನೂ ನೋಡ್ಲಿಲ್ಲ." ಅವನು ಒದ್ದೆ ಟವೆಲನ್ನು ಮಡಿಸುತ್ತಾ ನಿಂತ. "ಮನಸ್ಸಿಲ್ಲದೇ ನನ್ನ ಕಟ್ಕೊಂಡೆಯೇನೋ ಅಂತ ನನಗೂ ಒಂದು ಅನುಮಾನ ಇತ್ತು. ಕೇಳೋಕೆ ಧೈರ್ಯ ಬರ್ಲಿಲ್ಲ."

ವತ್ಸಲಾ ಮಂಚದ ಅಂಚಿಗೆ ಕೂತಳು. ಆವತ್ತಿನ ಹಾಗೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೆ ಬಂದದ್ದು ಅಳು.