ಹಕ್ಕಿಯ ತಲೆ

ಪಿಕಪ್ಪಿನ ಬಾನೆಟ್ಟು ಎತ್ತಿದಾಗಲೆಲ್ಲ ಅವಳಿಗೆ ಅಜ್ಜಿಯ ಕತೆಯ ರಕ್ಕಸ ನೆನಪಾಗುತ್ತಿದ್ದ. ಬಾಯಿ ತೆರೆದುಕೊಂಡೇ ಮಲಗುತ್ತಿದ್ದನಂತೆ ಅವನು. ಅವನು ಉಸಿರೆಳೆದರೆ ಹಾರುವ ಹಕ್ಕಿಯೂ ಒಳಗೆ, ತೂಗುವ ತೊಟ್ಟಿಲೂ ಒಳಗೆ. ಒಳಗೆ ಹೋದದ್ದು ಹೊರಗೆ ಬಂದದ್ದೇ ಇಲ್ಲ. ಇಪ್ಪತ್ತೆರಡು ತುಂಬಿದರೂ, ಅಪ್ಪನ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಐದು ವರ್ಷವಾದರೂ, ಕಾರ್ಬೊರೇಟರಿನ ಕಪ್ಪು ಗಂಟಲು ಕಂಡಾಗ ಅವಳ ಬೆನ್ನಹುರಿಯಲ್ಲಿ ಸಣ್ಣಗೆ ಚಳಿ ಓಡುತ್ತಿತ್ತು.

ಇವತ್ತು ಆ ರಕ್ಕಸನಿಗೆ ದಮ್ಮು ಹತ್ತಿತ್ತು. ಹಳೆಯ ಪಿಕಪ್ಪು ಷೆಡ್ಡಿನ ನಡುವೆ ಗಡಗಡ ನಡುಗುತ್ತ, ಆಗಾಗ ಒಂದು ಉಸಿರು ತಪ್ಪಿಸುತ್ತ, ಹಿಂದಿನಿಂದ ಕರಿಹೊಗೆ ಉಗುಳುತ್ತಿತ್ತು.

"ಮಿಸ್ ಹೊಡೀತಿದೆ," ಅಂದ ಅಪ್ಪ, ಸ್ಟೂಲಿನ ಮೇಲೆ ಕೂತಲ್ಲಿಂದಲೇ. "ಥೇಟ್ ನಿಮ್ಮಮ್ಮನ ಗೊರಕೆ. ಚೆನ್ನಾಗಿ ಹೊಡೀತಾ ಹೊಡೀತಾ ಮಧ್ಯದಲ್ಲಿ ನಿಂತೇ ಹೋಗುತ್ತೆ. ಪಕ್ಕದಲ್ಲಿರೋರ ಎದೆ ಧಸಕ್ ಅನ್ನುತ್ತೆ."

"ರೀ, ನಿಮ್ಮ ಗೊರಕೆ ತಂದು ನನ್ನ ತಲೆಗೆ ಕಟ್ಟಬೇಡಿ!" ಅಡುಗೆಮನೆಯಿಂದ ಅಮ್ಮನ ದನಿ ಬಂತು. ದನಿ ಮಾತ್ರ ಗಟ್ಟಿ. ಮನುಷ್ಯಳು ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದಳು.

ಅಮ್ಮನ ಮೂತ್ರಪಿಂಡಗಳು ಕೈಕೊಟ್ಟು ವರ್ಷವಾಗಿತ್ತು. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಯಂತ್ರ ಅವಳ ರಕ್ತ ತೊಳೆಯಬೇಕು. ಆಸ್ಪತ್ರೆಗೆ ಇದ್ದದ್ದು ಒಂದೇ ದಾರಿ, ಆ ದಾರಿಗೆ ಅಡ್ಡ ರೈಲು ಹಳಿ. ಗೇಟಿಲ್ಲ, ಕಾವಲಿನವನಿಲ್ಲ. ಹಳಿ ದಿಬ್ಬದ ಮೇಲಿದ್ದದ್ದರಿಂದ ಅಲ್ಲಿ ಎಕ್ಸಲೇಟರ್ ಜೋರಾಗಿ ಒತ್ತಲೇಬೇಕು.

ಹೋದ ಮಂಗಳವಾರ ಹಾಗೆ ಒತ್ತಿದಾಗಲೇ ಪಿಕಪ್ಪು ನಿಂತುಹೋಗಿತ್ತು. ಸರಿಯಾಗಿ ಹಳಿಯ ಮೇಲೆ. ಅಮ್ಮನ ಕಡೆಯ ಬಾಗಿಲಿನ ಒಳಗಿನ ಹಿಡಿ ಮುರಿದಿತ್ತು, ಹೊರಗಿನಿಂದಷ್ಟೇ ತೆರೆಯುತ್ತಿತ್ತು. ದೂರದಲ್ಲಿ ರೈಲು ಕೂಗಿತು. ಗಾಡಿಯ ಹಿಂಭಾಗದಲ್ಲಿ ಕೂತಿದ್ದ ಅಪ್ಪ ಕೆಳಗಿಳಿದು ನಡುಗುವ ಕೈಯಲ್ಲೇ ತಳ್ಳಿದ. ಎದುರಿನಿಂದ ಬಂದ ಬ್ರೆಡ್ ವ್ಯಾನಿನವನು ಓಡಿಬಂದು ಹೆಗಲು ಕೊಟ್ಟ. ಗಾಡಿ ಆಚೆ ಉರುಳಿ, ಅದರ ಧೂಳು ಕೆಳಗೆ ಕೂರುವ ಮೊದಲೇ ರೈಲು ಹಾದುಹೋಯಿತು. ಸ್ಟಿಯರಿಂಗ್ ಹಿಡಿದ ಮಗಳ ಬೆರಳುಗಳನ್ನು ಅಪ್ಪನೇ ಒಂದೊಂದಾಗಿ ಬಿಡಿಸಬೇಕಾಯಿತು.

ಇವತ್ತು ಶುಕ್ರವಾರ. ಗಂಟೆ ಎರಡು.

"ಪ್ಲಗ್ಗು ಬಿಚ್ಚು," ಅಂದ ಅಪ್ಪ. ಕೈ ನಡುಗಲು ಶುರುವಾದ ಮೇಲೆ ಅವನು ಹತಾರ ಮುಟ್ಟುತ್ತಿರಲಿಲ್ಲ. ಕಣ್ಣು, ಕಿವಿ ಅವನದು, ಕೈ ಇವಳದು.

ನಾಲ್ಕೂ ಪ್ಲಗ್ಗು ಬಿಚ್ಚಿ ಕೊಟ್ಟಳು. ನಾಲ್ಕೂ ಬಾಣಲೆಯ ತಳದ ಹಾಗೆ ಕಪ್ಪು.

"ಮಸಿ," ಅಪ್ಪ ಮೂಸಿ ನೋಡಿದ. "ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ. ಎಲ್ಲೋ ಉಸಿರು ಕಟ್ಟಿದೆ. ಏರ್ ಫಿಲ್ಟರ್ ನೋಡೋಣ ಅಂದ್ರೆ, ಭಾನುವಾರ ನೀನೇ ಕ್ಲೀನ್ ಮಾಡಿದ್ದೀಯ. ನೀನು ಮಾಡಿದ್ಮೇಲೆ ಅದನ್ನ ಮತ್ತೆ ನೋಡೋದೇನು ಬಂತು?"

ಅವಳ ಕೈಯ ಸ್ಪ್ಯಾನರ್ ಅಲ್ಲೇ ನಿಂತಿತು.

ಆ ಷೆಡ್ಡಿಗೆ ಒಂದು ಕಟ್ಟಳೆಯಿತ್ತು. ಯಾವ ಪೈಪು ಬಿಚ್ಚಿದರೂ ಅದರ ಬಾಯಿಗೆ ಬಟ್ಟೆ ತುರುಕಬೇಕು, ನಟ್ಟು ಬೋಲ್ಟು ಒಳಗೆ ಬೀಳಬಾರದು. ಕೆಲಸಕ್ಕೆ ಮೊದಲು ಅಪ್ಪ ಮೂರು ಬಟ್ಟೆ ಎಣಿಸಿ ಕೊಡುತ್ತಿದ್ದ. ಮುಗಿದ ಮೇಲೆ ಕೇಳುತ್ತಿದ್ದ: "ಬಟ್ಟೆ?" ಅವಳು ನೋಡಿ ಎಣಿಸಿ ಹೇಳಬೇಕು: "ಮೂರು." ಆಮೇಲೆಯೇ ಬಾನೆಟ್ಟು ಇಳಿಯುತ್ತಿತ್ತು.

ಭಾನುವಾರ ಅವಳು ಫಿಲ್ಟರಿನ ಧೂಳು ಕೊಡವಿ, ಪೈಪು ಜೋಡಿಸಿ, ಷೆಡ್ಡಿನ ತೂತಿನಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ಕುಣಿಯುವುದನ್ನು ನೋಡುತ್ತ ನಿಂತಿದ್ದಳು. ಚಿನ್ನದ ಪುಡಿಯ ಮಳೆ ಸುರಿಯುವ ಅಜ್ಜಿಯ ಕತೆಯ ಊರಿಗೆ ಮನಸ್ಸು ಹೋಗಿತ್ತು. "ಬಟ್ಟೆ?" ಅಂತ ಅಪ್ಪ ಕೇಳಿದಾಗ, ನೋಡದೆಯೇ "ಮೂರು" ಅಂದುಬಿಟ್ಟಿದ್ದಳು.

"ಅಮ್ಮ ಆಸ್ಪತ್ರೆ ಫೈಲು ತಗೊಂಡಳಾ ನೋಡಪ್ಪ," ಅಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಅಪ್ಪ ಒಳಗೆ ಹೋದ. ಅವಳು ಫಿಲ್ಟರಿನಿಂದ ಬರುವ ಗಾಳಿಯ ಪೈಪಿನ ಕ್ಲಿಪ್ ಸಡಿಲಿಸಿ ಎರಡು ಬೆರಳು ತೂರಿಸಿದಳು. ಮೆತ್ತಗೆ, ಸತ್ತ ಇಲಿಮರಿಯ ಹಾಗೆ, ಸಿಕ್ಕಿತು. ಎಳೆದಳು. ಹಳೆಯ ಪರದೆಯ ತುಂಡು, ನೀಲಿ ಹಕ್ಕಿಯ ಚಿತ್ರದ್ದು. ಮೆಲ್ಲಗೆ ಓಡಿಸಿದಾಗ ಅದು ಪಕ್ಕಕ್ಕೆ ಸರಿದು ಗಾಳಿ ಬಿಟ್ಟಿತ್ತು. ದಿಬ್ಬದಲ್ಲಿ ಜೋರಾಗಿ ಒತ್ತಿದಾಗ ಸೆಳೆತಕ್ಕೆ ಹೋಗಿ ಗಂಟಲು ಮುಚ್ಚಿತ್ತು. ಹಾಗಾದರೆ ಮಂಗಳವಾರ ಅಮ್ಮನನ್ನು ಹಳಿಯ ಮೇಲೆ ನಿಲ್ಲಿಸಿದವಳು ತಾನೇ.

ಬಟ್ಟೆಯನ್ನು ಜೇಬಿಗೆ ತುರುಕಿದಳು. ಪೈಪು ಜೋಡಿಸಿ, ಪ್ಲಗ್ಗು ಉಜ್ಜಿ ಹಾಕಿ, ಕೀಲಿ ತಿರುಗಿಸಿದಳು. ಇಂಜಿನ್ನು ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮ ಓಡಿತು.

ಅಪ್ಪ ಹೊರಗೆ ಬಂದು ತಲೆ ವಾರೆ ಮಾಡಿ ಕೇಳಿದ. ಮುಖ ಅರಳಿತು. "ನೋಡು, ಪ್ಲಗ್ಗೇ ಕಳ್ಳ! ಬಟ್ಟೆ?"

"ಮೂರು," ಅಂದಳು. ಇವತ್ತಿನ ಲೆಕ್ಕಕ್ಕೆ ಅದು ನಿಜವೇ. ಜೇಬಿನಲ್ಲಿದ್ದದ್ದು ಕೆಂಡದ ಹಾಗೆ ಸುಡುತ್ತಿತ್ತು.

ಮೂರೂಕಾಲಿಗೆ ಹೊರಟರು. ಅವಳ ಪಕ್ಕ ಅಮ್ಮ, ಅಮ್ಮನ ಆಚೆ ಬಾಗಿಲಿಗೆ ಅಂಟಿಕೊಂಡು ಅಪ್ಪ. ಆ ಜಾಗ ಇವತ್ತು ಅಪ್ಪನೇ ಬೇಡಿ ಪಡೆದದ್ದು. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿನ ಹಿಡಿ ಹಿಡಿದೇ ಕೂತಿದ್ದ.

"ಮುಖ ಎಲ್ಲ ಮಸಿ ಮಾಡ್ಕೊಂಡಿದ್ದೀಯಲ್ಲೇ," ಅಂದಳು ಅಮ್ಮ. "ಡಾಕ್ಟ್ರು ನನ್ನ ಬಿಟ್ಟು ನಿನ್ನ ಅಡ್ಮಿಟ್ ಮಾಡ್ಕೋತಾರೆ. ಒರೆಸ್ಕೋ."

ಅಭ್ಯಾಸದ ಕೈ ಜೇಬಿಗೆ ಹೋಯಿತು. ಬಟ್ಟೆ ಹೊರಗೆ ಬಂದ ಮೇಲೆಯೇ ಅವಳಿಗೆ ಎಚ್ಚರವಾದದ್ದು. ಅಷ್ಟರಲ್ಲಿ ಅಮ್ಮ ಅದನ್ನು ತೆಗೆದುಕೊಂಡು ತೊಡೆಯ ಮೇಲೆ ಬಿಡಿಸಿದ್ದಳು.

"ಅಯ್ಯೋ, ನಮ್ಮ ಪರದೆ! ಎಷ್ಟು ಮುದ್ದಾಗಿತ್ತು ಈ ಹಕ್ಕಿ. ಇದರ ತಲೆ ಎಲ್ಲಿ ಹೋಯ್ತೇ?"

ಅವಳು ಓರೆಗಣ್ಣಿನಲ್ಲಿ ನೋಡಿದಳು. ಬಟ್ಟೆಯ ಒಂದು ಮೂಲೆ ಹರಿದಿತ್ತು. ಹಕ್ಕಿಯ ಮೈಯಿತ್ತು, ರೆಕ್ಕೆಯಿತ್ತು, ತಲೆ ಇರಲಿಲ್ಲ. ಬಟ್ಟೆ ತುರುಕುವಾಗ ಇಡೀ ಇತ್ತು, ಅವಳಿಗೆ ಚೆನ್ನಾಗಿ ನೆನಪಿತ್ತು. ತಲೆ ಇನ್ನೂ ಗಂಟಲಲ್ಲಿದೆ. ಜೋರಾಗಿ ಎಳೆದ ಉಸಿರೊಂದಕ್ಕೆ ಕಾಯುತ್ತಿದೆ.

ಎದುರಿಗೆ ದಿಬ್ಬ ಕಂಡಿತು. ಅದರ ನೆತ್ತಿಯಲ್ಲಿ ಹಳಿಗಳು ಬಿಸಿಲಿಗೆ ಮಿನುಗುತ್ತಿದ್ದವು.

ಹೇಳಿದರೆ ಅಪ್ಪನ ನಂಬಿಕೆ ಹೋಗುತ್ತದೆ. ಹೇಳದಿದ್ದರೆ? ತುಂಡು ಎಲ್ಲೋ ಉದುರಿರಬಹುದು. ಉದುರಿರಲಿಕ್ಕಿಲ್ಲ. ಅವಳ ಕಾಲು ಎಕ್ಸಲೇಟರಿನ ಮೇಲೇ ಇತ್ತು, ದಿಬ್ಬ ಹತ್ತಿರ ಬರುತ್ತಿತ್ತು. ಅಮ್ಮ ಮಾತು ನಿಲ್ಲಿಸಿ ಕಣ್ಣು ಮುಚ್ಚಿಕೊಂಡಳು. ಆ ಮುಚ್ಚಿದ ಕಣ್ಣು ನೋಡಿ ಅವಳು ಗಾಡಿಯನ್ನು ರಸ್ತೆಯ ಅಂಚಿಗೆ ಎಳೆದು, ಬ್ರೇಕ್ ಒತ್ತಿ, ಕೀಲಿ ತಿರುಗಿಸಿ ನಿಲ್ಲಿಸಿಬಿಟ್ಟಳು.

"ಅಪ್ಪಾ, ಪ್ಲಗ್ಗಲ್ಲ. ನಾನು. ಭಾನುವಾರ ಎಣಿಸಲೇ ಇಲ್ಲ, ಸುಮ್ನೆ ಮೂರು ಅಂದೆ. ಅದರ ತಲೆ ಇನ್ನೂ ಒಳಗಿದೆ."

ಅಪ್ಪ ಇಳಿದು ಹೋಗಿ ಬಾನೆಟ್ಟು ಎತ್ತಿ ಹಿಡಿದ. ಅವಳು ಪೈಪು ಕಳಚಿದಳು. ಕಪ್ಪು ಗಂಟಲಿನಲ್ಲಿ, ಗಾಳಿ ತಡೆಯುವ ಚೋಕಿನ ತಗಡಿಗೆ ಸುತ್ತಿಕೊಂಡು, ಬೆರಳಗಲದ ಬಟ್ಟೆ ಕೂತಿತ್ತು. ಒಂದು ನೂಲು ಒಳಮುಖವಾಗಿ ಇಳಿಬಿದ್ದಿತ್ತು. ಬೆರಳು ಹಿಡಿಸದೆ, "ಅಮ್ಮಾ, ಹೇರ್‌ಪಿನ್ನು!" ಅಂತ ಕೂಗಿದಳು. ಅಮ್ಮನ ಪಿನ್ನಿನಿಂದ ಅದನ್ನು ಮೆಲ್ಲಗೆ ಬಿಡಿಸಿ ಎಳೆಯುವಷ್ಟರಲ್ಲಿ ನೆಲ ನಡುಗಿತು. ದಿಬ್ಬದ ಮೇಲೆ ರೈಲು ಅರಚುತ್ತ ಹಾದುಹೋಯಿತು. ಮೂವರೂ ಕೊನೆಯ ಡಬ್ಬಿ ಹೋಗುವ ತನಕ ಕದಲಲಿಲ್ಲ.

ಅಪ್ಪ ಎರಡು ತುಂಡನ್ನೂ ಮಡ್‌ಗಾರ್ಡಿನ ಮೇಲೆ ಹಾಸಿ, ನಡುಗುವ ಬೆರಳಿನಿಂದ ತಲೆಯನ್ನು ಮೈಗೆ ಕೂಡಿಸಿ ನೋಡಿದ. ಕೂಡಿತು. ಒಂದು ಎಳೆಯೂ ಕಮ್ಮಿಯಿಲ್ಲ.

"ಮಂಗಳವಾರದಿಂದ ನಿದ್ದೆ ಮಾಡಿಲ್ಲ ನಾನು," ಅಂದ. "ನನ್ನ ಕಿವಿಯೂ ಹೋಯ್ತು, ಏನೋ ತಪ್ಪು ಹೇಳಿಕೊಟ್ಟು ನಿಮ್ಮಮ್ಮನ್ನ ರೈಲಿಗೆ ಕೊಡ್ತಿದ್ದೆ ಅಂತ."

ಅವಳು ತೋಳಿನಿಂದ ಕಣ್ಣೊರೆಸಿಕೊಂಡು ಪೈಪು ಜೋಡಿಸಿದಳು.

"ಅತ್ತಿದ್ದು ಸಾಕು, ಲೇಟಾಗ್ತಿದೆ. ಬಟ್ಟೆ?"

ಅವಳು ಎರಡೂ ತುಂಡನ್ನು ಮುಟ್ಟಿ ಎಣಿಸಿದಳು. ಅಪ್ಪನೂ ಅವಳ ಹಿಂದೆಯೇ ಮುಟ್ಟಿ ಎಣಿಸಿದ. ಇಷ್ಟು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಇದೇ ಮೊದಲು. ಅದು ಅವಳಿಗೆ ಚುರುಕ್ ಅಂದಿತು. ಬಾನೆಟ್ಟು ಇಳಿಯಿತು.

ದಿಬ್ಬದ ಬುಡದಲ್ಲಿ ಅವಳು ಎರಡೂ ಕಡೆ ನೋಡಿದಳು, ಮತ್ತೊಮ್ಮೆ ನೋಡಿದಳು. ಎಕ್ಸಲೇಟರ್ ಒತ್ತಿದಳು. ಇಂಜಿನ್ನು ನಡುಗಲಿಲ್ಲ. ಮುಂದಿನ ಚಕ್ರ ಹಳಿ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು. ಯಾರೂ ಉಸಿರಾಡಲಿಲ್ಲ. ದಡಕ್ಕನೆ ಅದೂ ಇಳಿಯಿತು.

ಆಚೆ ಕಡೆ ಬಹಳ ದೂರ ಹೋದ ಮೇಲೆ ಅಪ್ಪ ಬಾಗಿಲಿನ ಹಿಡಿಯಿಂದ ಕೈ ತೆಗೆದ. ಅಮ್ಮ ಒಂದು ಕಣ್ಣು ಬಿಟ್ಟಳು.

"ರೀ, ಗಾಡಿಗೆ ಹತ್ತಿದ್ದ ನಿಮ್ಮ ಗೊರಕೆ ನಿಂತಿದೆ."