ಒಡೆಟ್‌ಳ ಒಂಬತ್ತನೇ ತರಗತಿ

ಗುಂಡಿ ತಪ್ಪಿದೆ, ಮಿಷೊ ಮೇಷ್ಟ್ರ ಸ್ವೆಟರಿನದು, ಮೇಲಿನ ಗುಂಡಿ ಎರಡನೇ ಕಾಜಕ್ಕೆ ಹೋಗಿ ಒಂದು ಕಡೆಯ ಅಂಚು ಗಲ್ಲದ ಹತ್ತಿರಕ್ಕೆ ಏರಿಕೊಂಡಿದೆ, ಬೆಳಗಿನಿಂದ ಹೀಗೇ ಶಾಲೆಯೆಲ್ಲ ಓಡಾಡಿರಬೇಕು ಪಾಪ, ಯಾರೂ ಹೇಳಿಲ್ಲ, ಹೆಂಡತಿ ಮಗಳ ಬಾಣಂತನಕ್ಕೆಂದು ಬ್ಯಾಂಗರ್‌ಗೆ ಹೋಗಿದ್ದಾರಂತೆ — ಆತ ಕಾಗದಗಳನ್ನು ಮೇಜಿನ ಮೇಲೆ ಹರಡುತ್ತಾ ನೋಡು ರೋಸಾನ್, ಹೈಸ್ಕೂಲ್ ಡಿಪ್ಲೊಮಾ ಬೇಕು ಅಂದ್ರೆ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಸಮಾಜ ಎರಡು ಎನ್ನುತ್ತಿದ್ದಾರೆ, ನನಗೆ ಆ ಗುಂಡಿಯಿಂದ ಕಣ್ಣು ಕೀಳಲಾಗುತ್ತಿಲ್ಲ, ಪಕ್ಕದಲ್ಲಿ ಒಡೆಟ್ ಕೂಡ ಅದನ್ನೇ ನೋಡುತ್ತಿದ್ದಾಳೆ, ನಾಲಗೆಯ ತುದಿ ತುಟಿಯಿಂದ ಹೊರಗೆ ಬಂದಿದೆ, ಏನನ್ನೋ ಹೇಳಲು ಹೊರಟಾಗ ಅವಳು ಹಾಗೆಯೇ, ಬೇಡ ಮಗಳೇ, ಇವತ್ತೊಂದು ದಿನ ಬೇಡ, ನಾವಿಲ್ಲಿ ಬಂದಿರುವುದು ನಿನ್ನ ಮುಂದಿನ ನಾಲ್ಕು ವರ್ಷಗಳನ್ನು ಹೊಂದಿಸುವುದಕ್ಕೆ — ಮೇಷ್ಟ್ರೇ, ನಿಮ್ ಗುಂಡಿ ತಪ್ಪಾಗಿದೆ. ಅಯ್ಯೋ ಹೌದಲ್ಲ ಮರಿ, ಎಂದು ಆತ ಬಿಚ್ಚಿ ಮತ್ತೆ ಮೇಲಿನಿಂದಲೇ ಶುರುಮಾಡುತ್ತಾರೆ, ಮೇಲಿಂದ ಅಲ್ಲ, ಕೆಳಗಿಂದ ಹಾಕ್ಕೊಂಡ್ ಬನ್ನಿ, ಆಗ ತಪ್ಪಲ್ಲ, ಎನ್ನುತ್ತಾಳೆ ಇವಳು, ನಾನು ಅವಳಿಗೆ ಇಡೀ ಒಂದು ಚಳಿಗಾಲ ಹೇಳಿಕೊಟ್ಟದ್ದು ಅದನ್ನೇ, ಒಲೆಯ ಮುಂದೆ ಕೂತು, ನನ್ನದೇ ಧಾಟಿಯಲ್ಲಿ ಒಪ್ಪಿಸುತ್ತಿದ್ದಾಳೆ ಹಾಳಾದವಳು. ಮೇಷ್ಟ್ರು ವಿಧೇಯರಾಗಿ ಕೆಳಗಿನಿಂದ ಹಾಕಿಕೊಂಡು ಬರುತ್ತಾರೆ. ನಮಗಿಬ್ಬರಿಗೂ, ನನಗೂ ನನ್ನ ಗಂಡ ಲಿಯೊನೆಲ್‌ಗೂ, ಚರಿತ್ರೆ ಕಲಿಸಿದ ಮನುಷ್ಯ, ಆಗ ತಲೆ ತುಂಬ ಕೂದಲಿತ್ತು, ಈಗ ಊರಿನ ಮಕ್ಕಳೆಲ್ಲ ಯಾವ ಪಾಠ ಆರಿಸಿಕೊಳ್ಳಬೇಕೆಂದು ಹೇಳುವ ಕೆಲಸ. ಲಿಯೊನೆಲ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದಾನೆ, ಆಲೂಗಡ್ಡೆ ಲಾರಿ ಓಡಿಸುವವನಿಗೆ ಈ ಪುಟ್ಟ ಕುರ್ಚಿಯಲ್ಲಿ ಕಾಲೆಲ್ಲಿಡುವುದು.

ಎರಡು ಹಾಳೆ. ಒಂದು ಬಿಳಿ, ಡಿಪ್ಲೊಮಾದ್ದು. ಇನ್ನೊಂದು ತಿಳಿಹಸಿರು, ಅದರ ಕೊನೆಗೆ ಡಿಪ್ಲೊಮಾ ಇಲ್ಲ, ಶಾಲೆಗೆ ಬಂದು ಮುಗಿಸಿದಳೆಂಬ ಪ್ರಮಾಣಪತ್ರ ಮಾತ್ರ, ಹಸಿರು ಹಾಳೆಯನ್ನು ಮೇಷ್ಟ್ರ ಪಕ್ಕದಲ್ಲಿ ಕೂತಿರುವ ಪೆಲ್ಟಿಯೇ ಟೀಚರ್ ಮೆಲ್ಲಗೆ ನನ್ನ ಕಡೆ ಸರಿಸುತ್ತಾರೆ, ಒಳ್ಳೆಯ ಹೆಂಗಸು, ಒಡೆಟ್‌ಗೆ ಓದಲು ಕಲಿಸಿದ್ದೇ ಅವರು — ಇದ್ರಲ್ಲಿ ಒತ್ತಡ ಇರಲ್ಲ ರೋಸಾನ್, ಅಡುಗೆ ಮಾಡೋದು, ಬಟ್ಟೆ ಒಗೆಯೋದು, ಬಸ್ ಹತ್ತಿ ಒಬ್ಬಳೇ ಓಡಾಡೋದು, ಬದುಕಿಗೆ ಬೇಕಾಗಿರೋದು. ಈ ಊರಲ್ಲಿ ಬಸ್ಸೇ ಇಲ್ವಲ್ಲ ಟೀಚರ್, ಎನ್ನುತ್ತಾನೆ ಲಿಯೊನೆಲ್, ಬಾಯಿಬಿಟ್ಟಿದ್ದೇ ಇದಕ್ಕೆ, ಎಲ್ಲರೂ ನಗುತ್ತಾರೆ, ನಾನೂ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಇದೇ ವಾಸಿ ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೂ ಕೇಳಿಸುತ್ತದೆ, ಆ ಎರಡು ಪದ ಮೊದಲ ಸಲ ಕೇಳಿಸಿದ ದಿನವೂ ಹೊರಗೆ ಹೀಗೇ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು, ಡಾಕ್ಟರು ನಿಂತು ಮಾತಾಡದೆ ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು, ಕೂತಾಗಲೇ ಗೊತ್ತಾಯಿತು, ಆತ ಹೇಳುತ್ತಲೇ ಇದ್ದರು, ಹೃದಯ, ಸ್ನಾಯು, ಕಲಿಕೆ, ನನ್ನ ಅಜ್ಜಿ, ಮೆಮೇರ್ ಒಡೆಟ್, ಅವರನ್ನು ದಾಟಿಕೊಂಡು ಬಂದು ಮಗುವನ್ನೆತ್ತಿ ಬೆಳಕಿಗೆ ಹಿಡಿದಳು, ಮೂಗು ನೋಡೇ ಇದರದ್ದು, ನಮ್ಮ ಕಡೇದೇ, ಎಂದಳು, ಅಷ್ಟೇ, ಬೇರೆ ಒಂದು ಮಾತಿಲ್ಲ, ಅವಳ ಹೆಸರನ್ನೇ ಇಟ್ಟೆವು.

ಹೇಳು ರೋಸಾನ್, ಈಗ ಹೇಳು, ಚಳಿಗಾಲವೆಲ್ಲ ಬಾಯಿಪಾಠ ಮಾಡಿದ್ದು ಇದಕ್ಕೇ ತಾನೆ, ವೃದ್ಧಾಶ್ರಮದ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ನಲ್ಲಿಯ ಮುಂದೆ ಎಷ್ಟು ಸಲ ಭಾಷಣ ಮಾಡಿದ್ದೇನೆ, ನನ್ನ ಮಗಳಿಗೆ ಡಿಪ್ಲೊಮಾನೇ ಬೇಕು, ಬೇರೆ ಯಾವ ಚೀಟಿಯೂ ಬೇಡ, ಎಂದು ಮೇಜು ಕುಟ್ಟುವವಳಿದ್ದೆ, ಪಕ್ಕದಲ್ಲಿ ಕ್ಯಾರೆಟ್ ಹೆಚ್ಚುವವಳು ಯಾರ ಜೊತೆ ಜಗಳಾನೇ ನಿಂದು ಎಂದು ಕೇಳಿದ್ದಳು. ಈಗ ಬಿಳಿ ಹಾಳೆಯನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಡುತ್ತೇನೆ. ಮೇಷ್ಟ್ರು ಸುಳ್ಳು ಹೇಳುವವರಲ್ಲ, ಅದೇ ಕಷ್ಟ, ಬಿಳಿ ಹಾಳೆ ಆಗಲ್ಲ ಅಂತ ನಾನ್ ಹೇಳಲ್ಲಮ್ಮ, ಆದ್ರೆ ನಾಲ್ಕು ವರ್ಷದಲ್ಲಿ ಮುಗಿಯಲ್ಲ, ಐದಾಗ್ಬಹುದು, ಆರಾಗ್ಬಹುದು, ಅವಳಿಗೆ ಅಷ್ಟು ದಿನ ಇಲ್ಲಿರೋ ಹಕ್ಕಿದೆ, ಆದ್ರೆ ಜೊತೇಲಿ ಬಂದೋರೆಲ್ಲ ಹೋಗಿರ್ತಾರೆ. ಕಮೀಲ್ ಹೋಗಿರುತ್ತಾಳೆ. ನನ್ನ ತಂಗಿಯ ಮಗಳು, ಇವಳಿಗಿಂತ ಒಂದು ತಿಂಗಳಿಗೆ ಚಿಕ್ಕವಳು, ಒಂದೇ ತೊಟ್ಟಿಲಲ್ಲಿ ತಲೆ ಒಂದು ಕಡೆ ಕಾಲು ಒಂದು ಕಡೆ ಮಲಗಿಸುತ್ತಿದ್ದೆವು, ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಕೀಳಲು ಶಾಲೆಗೆ ರಜೆ ಬಿಟ್ಟಾಗ ಇಬ್ಬರೂ ಒಂದೇ ಯಂತ್ರದ ಮೇಲೆ ನಿಂತು ಕಲ್ಲು ಆರಿಸಿ ಎಸೆಯುತ್ತಾರೆ, ಮುಖವೆಲ್ಲ ಮಣ್ಣು, ಕಿರಿಚಿಕೊಂಡು ಹಾಡು — ಅವಳಿಲ್ಲದ ಈ ಶಾಲೆ, ಊಟದ ಕೋಣೆಯಲ್ಲಿ ಒಡೆಟ್ ತಟ್ಟೆ ಹಿಡಿದು ನಿಂತಿದ್ದಾಳೆ, ಯಾವ ಮೇಜಿಗೆ ಹೋಗಬೇಕೆಂದು ತಿಳಿಯದೆ, ಸುತ್ತ ಎಲ್ಲರೂ ಅವಳಿಗಿಂತ ಚಿಕ್ಕವರು, ಗುರುತಿಲ್ಲದವರು.

ಮತ್ತೆ ಆ ಭಿನ್ನರಾಶಿಯ ದಿನ, ಕಳೆದ ಅಕ್ಟೋಬರಿನದು, ಲೆಕ್ಕದ ಹಾಳೆಯನ್ನು ಚೂರುಚೂರು ಮಾಡಿ ಬೂಟು ಹಾಕಿಕೊಂಡೇ ಖಾಲಿ ಸ್ನಾನದ ತೊಟ್ಟಿಯಲ್ಲಿ ಹೋಗಿ ಕೂತಳು, ನನ್ ತಲೆ ಮುಚ್ಕೊಂಡ್ಬಿಟ್ಟಿದೆ ಮಮಾ, ಬಾಗಿಲು ಸಿಗ್ತಿಲ್ಲ, ನಾನು ಹೊಸ್ತಿಲಲ್ಲಿ ನಿಂತು ಅತ್ತೆ, ಲಿಯೊನೆಲ್ ಅಳಲಿಲ್ಲ, ಹೆಂಚಿಟ್ಟು ಪ್ಲಾಯ್ ರೊಟ್ಟಿಯ ಹಿಟ್ಟು ಹುಯ್ದು, ಮೇಲೆಲ್ಲ ಕಣ್ಣು ಕಣ್ಣು ಮೂಡುವವರೆಗೆ ಕಾದು, ಬೆಣ್ಣೆ ಸವರಿ ತಟ್ಟೆಯಲ್ಲಿಟ್ಟು ತಂದು ಬಚ್ಚಲ ನೆಲದ ಮೇಲೇ ಕೂತ, ನಾಲ್ಕು ತುಂಡು ಮಾಡಿದ, ನೀನ್ ಮುಕ್ಕಾಲು ತಿಂದೆ, ಈಗ ಎಷ್ಟುಳೀತು ಹೇಳು ನೋಡೋಣ. ಏನೂ ಇಲ್ಲ ಪಪಾ. ಅದೆಂಗೇ? ಮಾತಾಡ್ತಾ ಮಾತಾಡ್ತಾ ಅದನ್ನೂ ತಿಂದೆ. ಆ ಸಂಜೆ ಎಷ್ಟು ಪ್ಲಾಯ್ ಖರ್ಚಾದವೋ, ಕೊನೆಗೆ ಕಾಲು ಅರೆ ಮುಕ್ಕಾಲು ಎಲ್ಲ ಬಂತು, ಮಲಗುವಾಗ ಹೊಟ್ಟೆನೋವೂ ಬಂತು. ಒಂದು ಭಿನ್ನರಾಶಿಗೆ ಇಷ್ಟು, ಇನ್ನು ಬೀಜಗಣಿತಕ್ಕೆ, ಆರು ವರ್ಷ ಆ ತೊಟ್ಟಿಯಲ್ಲಿ ಅವಳನ್ನು ನೋಡುವ ಶಕ್ತಿ ನನಗಿದೆಯೇ, ಇಲ್ಲ, ಇಲ್ಲ ಎಂದೇ ಅನಿಸುತ್ತದೆ ಈಗ, ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ, ಯಾರದೋ ಧ್ವನಿ ನನ್ನದರ ಹಾಗೆ ಹೇಳುತ್ತಿದೆ — ಹಸಿರೇ ಆಗ್ಲಿ ಬಿಡಿ ಟೀಚರ್. ಆರಾಮಾಗಿರ್ಲಿ ಅವಳು. ಲಿಯೊನೆಲ್ ತಿರುಗಿ ನನ್ನನ್ನು ನೋಡುತ್ತಾನೆ. ಬೈಯುವ ನೋಟವಲ್ಲ, ನಡುದಾರಿಯಲ್ಲಿ ಲಾರಿ ನಿಂತುಹೋದರೆ ಎಂಜಿನ್ನನ್ನು ನೋಡುತ್ತಾನಲ್ಲ, ಹಾಗೆ, ಏನಾಯ್ತು ನಿಂಗೆ ಎಂಬ ಹಾಗೆ.

ಕಪ್ಪೆ ಯಾವುದ್ರಲ್ಲಿದೆ? ಒಡೆಟ್. ಎರಡೂ ಹಾಳೆಗಳ ಮೇಲೆ ಒಂದೊಂದು ಕೈ. ಯಾವ ಕಪ್ಪೆ, ಮರಿ, ಎನ್ನುತ್ತಾರೆ ಮೇಷ್ಟ್ರು. ಕಮೀಲ್‌ಳ ಅಣ್ಣ ಕೊಯ್ದ ಕಪ್ಪೆ, ಅದರ ಹೊಟ್ಟೇಲಿ ಮಿಡತೆ ಇತ್ತಂತೆ. ಓ ಜೀವಶಾಸ್ತ್ರ, ಅದು ಬಿಳಿದರಲ್ಲಿ. ಹಸಿರಲ್ಲೇನಿದೆ? ಪೆಲ್ಟಿಯೇ ಟೀಚರ್ ಮತ್ತೆ ಹೇಳುತ್ತಾರೆ, ನಿಧಾನವಾಗಿ, ಅಡುಗೆ, ಬಟ್ಟೆ ಒಗೆಯೋದು. ಒಡೆಟ್ ಯೋಚಿಸುತ್ತಾಳೆ, ನಾಲಗೆಯ ತುದಿ ಹೊರಗೆ, ಕಾಯಬೇಕು, ಅವಳಿಗೆ ಮಾತು ಬರುವುದು ದೂರದಿಂದ, ಜನ ಕಾಯುವುದಿಲ್ಲ, ಅವಳ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಾರೆ, ಮೇಷ್ಟ್ರು ಕಾಯುತ್ತಿದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಬಟ್ಟೆ ಒಗೆಯೋದು ನಂಗ್ ಬರುತ್ತೆ, ಎನ್ನುತ್ತಾಳೆ. ಪಪಾಗೇ ಬರಲ್ಲ, ಪಪಾ ಕೆಂಪು ಕಾಲುಚೀಲ ಹಾಕಿ ಎಲ್ಲಾ ಗುಲಾಬಿ ಮಾಡಿದ್ರು. ಬರೋದನ್ನೇ ಕಲಿಯೋಕೆ ಯಾಕೆ ಇಲ್ಲಿಗ್ ಬರ್ಬೇಕು? ನಂಗೆ ಬರದೇ ಇರೋದನ್ನ ಹೇಳ್ಕೊಡಿ.

ಮೇಷ್ಟ್ರು ಅವಳಿಂದ ಕಣ್ಣು ತೆಗೆಯದೆ, ಸರಿ ಮರಿ, ಆದ್ರೆ ನಿಂಗೆ ಒಂದ್ ವಿಷ್ಯ ಗೊತ್ತಿರ್ಲಿ, ಬಿಳಿದಕ್ಕೆ ಜಾಸ್ತಿ ವರ್ಷ ಬೇಕು, ಕಮೀಲ್ ಮೊದಲು ಮುಗಿಸಿ ಹೋಗ್ತಾಳೆ, ನೀನ್ ಇಲ್ಲೇ ಇರ್ತೀಯ. ಹೇಳಿಬಿಟ್ಟರು. ನಾನು ಹೇಳಲಾರದೆ ಒಳಗಿಟ್ಟುಕೊಂಡದ್ದನ್ನು ಅವಳ ಮುಖಕ್ಕೇ ಹೇಳಿಬಿಟ್ಟರು, ಅವಳು ಮೇಜಿನ ಕೆಳಗೆ ನನ್ನ ಕೈ ಹುಡುಕುತ್ತಾಳೆ, ಸಿಕ್ಕಿತು, ದಪ್ಪ ಬೆರಳು, ಬೆಚ್ಚಗೆ, ಹಿಂಡುತ್ತಾಳೆ. ಅವಳು ಎಲ್ಲೋಗ್ತಾಳೆ? ಕಾಲೇಜಿಗೆ ಹೋಗ್ಬಹುದು. ಕಾರಲ್ಲಾ? ಕಾರಲ್ಲೇ. ಮತ್ತೆ ಕಾಯುವುದು, ಸೂರಿನ ನೀರು ತೊಟ್ಟಿಕ್ಕುವುದು. ಹಂಗಾದ್ರೆ ಮೊದಲು ನಾನ್ ಅವಳಿಗ್ ಚಪ್ಪಾಳೆ ಹೊಡೀತೀನಿ, ಎನ್ನುತ್ತಾಳೆ ಒಡೆಟ್, ಆಮೇಲೆ ಅವಳು ಕಾರ್ ತಗೊಂಡ್ ಬಂದು ನಂಗ್ ಹೊಡೀಲಿ. ಜೋರಾಗ್ ಹೊಡೀಬೇಕು. ಲಿಯೊನೆಲ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದ ಹಾಗೆ ಮಾಡುತ್ತಾನೆ, ಕೆಮ್ಮಲ್ಲ ಅದು, ನನಗೆ ಗೊತ್ತು. ನಾನು ಹಸಿರು ಹಾಳೆಯನ್ನು ಎತ್ತಿ ಪೆಲ್ಟಿಯೇ ಟೀಚರ್ ಕೈಗೆ ಕೊಡುತ್ತೇನೆ, ಬಿಳಿದೇ ಮಾಡಿ ಟೀಚರ್, ಈಗ ಈ ಧ್ವನಿ ನನ್ನದೇ, ಮೇಜು ಕುಟ್ಟದೆಯೇ ಬಂತು. ಅವರು ಕನ್ನಡಕ ಒರೆಸಿಕೊಂಡು ಬೀಜಗಣಿತವನ್ನು ಎರಡು ವರ್ಷಕ್ಕೆ ಹಂಚುತ್ತಾರೆ, ಕಪ್ಪೆಯನ್ನು ಮೊದಲ ವರ್ಷಕ್ಕೇ ತರುತ್ತಾರೆ, ಪ್ರಯೋಗಾಲಯದಲ್ಲಿ ನಾನ್ ಪಕ್ಕದಲ್ಲಿರ್ತೀನಿ, ಆದ್ರೆ ಚಾಕು ಹಿಡಿಯೋಳು ನೀನೇ. ಇನ್ನು ಫ್ರೆಂಚ್, ಎನ್ನುತ್ತಾರೆ ಮೇಷ್ಟ್ರು. ಮೆಮೇರ್ ಹತ್ರ ಕಲ್ತಿರೋ ಬೈಗುಳಕ್ಕೆಲ್ಲ ಅಂಕ ಕೊಡೋ ಹಾಗಿದ್ರೆ ಅದೊಂದು ಇವತ್ತೇ ಮುಗೀತು ಮೇಷ್ಟ್ರೇ, ಎನ್ನುತ್ತಾನೆ ಲಿಯೊನೆಲ್, ಒಡೆಟ್ ಒಂದನ್ನು ಒಪ್ಪಿಸಿಯೇಬಿಡುತ್ತಾಳೆ, ಮೇಷ್ಟ್ರು ಕೆಂಪಗಾಗುತ್ತಾರೆ, ಉಚ್ಚಾರಣೆ ಮಾತ್ರ ಅಚ್ಚುಕಟ್ಟು ಎನ್ನುತ್ತಾರೆ.

ಆಮೇಲೆ ಕಾರಿಡಾರು, ಮೇಣ ಹಚ್ಚಿದ ನೆಲ, ಗೋಡೆಯುದ್ದಕ್ಕೂ ನೀಲಿ ಲಾಕರುಗಳು, ಒಂಬತ್ತನೆಯವರದು ಈ ಸಾಲು ಎಂದು ಮೇಷ್ಟ್ರು ತೋರಿಸಿದ್ದೇ ತಡ, ಒಂದರ ಮುಂದೆ ನಿಂತುಬಿಟ್ಟಿದ್ದಾಳೆ, ಅಂಕಿ ತಿರುಗಿಸಿ ತೆರೆಯುವ ಬೀಗ, ಮೇಷ್ಟ್ರು ಅಂಕಿಗಳನ್ನು ಕಿವಿಯಲ್ಲಿ ಹೇಳಿದ್ದಾರೆ, ಬಲಕ್ಕೆ, ಎಡಕ್ಕೆ ಒಂದು ಸುತ್ತು ದಾಟಿ, ಮತ್ತೆ ಬಲಕ್ಕೆ, ಕೀಲಿಕೈ ಬೀಗಾನೂ ಇದೆ ಒಡೆಟ್, ಸುಲಭ, ಕೊಡ್ಲಾ ಎನ್ನುತ್ತಾರೆ ಟೀಚರ್, ಬೇಡ, ಕಮೀಲ್‌ಗೆ ಯಾವುದೋ ನಂಗೂ ಅದೇ. ತಿರುಗಿಸುತ್ತಾಳೆ, ಎಳೆಯುತ್ತಾಳೆ, ಬರುವುದಿಲ್ಲ. ದಾಟಿಹೋಯಿತು, ಒಂದು ಗೆರೆ ದಾಟಿಹೋಯಿತು ಮಗಳೇ, ನನಗೆ ಇಲ್ಲಿಂದಲೇ ಕಾಣುತ್ತದೆ, ಕೋಟಿನ ಜೇಬಿನಲ್ಲಿ ನನ್ನ ಕೈ ಎರಡೂ ಮುಷ್ಟಿ, ಬೆರಳು ತಾವಾಗಿ ತಿರುಗುತ್ತಿವೆ, ಬಲಕ್ಕೆ, ಎಡಕ್ಕೆ, ಬಿಡು ರೋಸಾನ್, ಅಲ್ಲೇ ಇರಲಿ ಕೈ, ಲಿಯೊನೆಲ್ ಕೂಡ ಗೋಡೆಗೆ ಒರಗಿ ತನ್ನ ಕೈ ಬಗಲಲ್ಲಿ ಸಿಕ್ಕಿಸಿಕೊಂಡಿದ್ದಾನೆ. ಅವಳು ಕೆನ್ನೆಯನ್ನು ಲಾಕರಿನ ತಗಡಿಗೆ ಒತ್ತಿ ಕಿವಿಗೊಡುತ್ತಾಳೆ, ತಿರುಗಿಸುತ್ತಾಳೆ, ಎಳೆಯುತ್ತಾಳೆ, ಬರುವುದಿಲ್ಲ. ಇನ್ನೊಂದ್ಸಲ, ಎನ್ನುತ್ತಾಳೆ, ನಮಗಲ್ಲ, ಬೀಗಕ್ಕೆ. ಬಲಕ್ಕೆ. ದಪ್ಪ ಬೆರಳು, ಸಣ್ಣ ಬಿಳಿ ಗೆರೆಗಳು. ಎಡಕ್ಕೆ, ಒಂದು ಸುತ್ತು ದಾಟಿ. ನಾಲಗೆಯ ತುದಿ ಹೊರಗೆ. ನಿಧಾನ, ನಿಧಾನ. ಬಲಕ್ಕೆ —